ಎರಡು ಸದ್ದು ಸೇರಿದ್ರೆ ಮೂರನೇದು ಎಲ್ಲಿಂದ ಬರುತ್ತೆ?

ಮಕ್ಕಳಿಗೆ ಇದನ್ನ ಹೇಳಿಕೊಡೋಕೆ ದಯವಿಟ್ಟು ಬೋರ್ಡ್ ಮೇಲೆ ಸೈನ್ ವೇವ್ ಬರೆದು ಶುರು ಮಾಡ್ಬೇಡಿ, ಮೊದ್ಲು ಕಿವಿಗೆ ಬೀಳ್ಲಿ. ಎರಡು ಫೋನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕ್ಕೊಂಡು ಒಂದ್ರಲ್ಲಿ 440 ಹರ್ಟ್ಸ್ (ಅಂದ್ರೆ ಸೆಕೆಂಡಿಗೆ 440 ಕಂಪನ), ಇನ್ನೊಂದ್ರಲ್ಲಿ 442 ಬಿಡಿ. ಬೇರೆ ಬೇರೆ ಕೇಳಿದ್ರೆ ವ್ಯತ್ಯಾಸಾನೇ ತಿಳಿಯಲ್ಲ, ಒಟ್ಟಿಗೆ ಬಿಟ್ರೆ ಸೆಕೆಂಡಿಗೆ ಎರಡು ಸಲ ವಾಂವ್ ವಾಂವ್ ಅಂತ ಸದ್ದು ಏರಿ ಇಳಿಯುತ್ತೆ. 445 ಮಾಡಿದ್ರೆ ಐದು ಸಲ. ಸಂಗೀತ ಕಲೀತಿರೋ ಅಕ್ಕನ ಮಗಳು "ಮಾಮಾ, ತಂಬೂರಿ ಶ್ರುತಿ ಮಾಡುವಾಗ್ಲೂ ಹಿಂಗೇ ಬರುತ್ತಲ್ವಾ" ಅಂದ್ಲು, ಹೌದು, ಅದೇ ಇದು, ನಡುವಿನ ಎರಡು ತಂತಿ ಹತ್ತಿರ ಬಂದಂಗೆಲ್ಲ ಆ ಅಲೆ ನಿಧಾನ ಆಗ್ತಾ ಆಗ್ತಾ ನಿಂತೇ ಹೋಗುತ್ತೆ.

ಆದ್ರೆ ಇಲ್ಲಿಗೇ ನಿಲ್ಲಿಸಿ "ನೋಡಿ, ಹೊಸ ಸ್ವರ ಹುಟ್ತು" ಅನ್ನೋದು ತಪ್ಪು. ಗಾಳೀಲಿ ಇನ್ನೂ ಇರೋದು ಆ ಎರಡೇ ಸ್ವರ, ಬರೀ ಕೂಡ್ಕೊಂಡಿವೆ ಅಷ್ಟೇ. ಹೊಸದು ಹುಟ್ಟಬೇಕಾದ್ರೆ ಒಂದು ಸಿಗ್ನಲ್ ಇನ್ನೊಂದರ ವಾಲ್ಯೂಮನ್ನ ಹೆಚ್ಚು ಕಮ್ಮಿ ಮಾಡ್ತಿರಬೇಕು, ಅಂದ್ರೆ ಸಿಗ್ನಲ್‌ಗಳನ್ನ ಕೂಡಿಸೋದಲ್ಲ, ಗುಣಿಸೋದು. ಹಂಗೆ ಗುಣಿಸಿದಾಗ ಎರಡರ ಹರ್ಟ್ಸ್ ಮೊತ್ತದ್ದೊಂದು, ವ್ಯತ್ಯಾಸದ್ದೊಂದು ಹೊಸ ಸಿಗ್ನಲ್ ಹುಟ್ಟುತ್ತೆ.

ರೇಡಿಯೋ ಒಳಗೆ ಮಿಕ್ಸರ್ ಅನ್ನೋ ಸರ್ಕ್ಯೂಟ್ ಮಾಡೋದು ಇದನ್ನೇ. ಬೆಂಗಳೂರು ಆಕಾಶವಾಣಿ ಬರೋದು 612 ಕಿಲೋಹರ್ಟ್ಸಲ್ಲಿ. ರೇಡಿಯೋ ತಾನೇ ಒಳಗೆ 1067 ತಯಾರು ಮಾಡ್ಕೊಂಡು ಎರಡನ್ನೂ ಮಿಕ್ಸರಿಗೆ ಕೊಡುತ್ತೆ, ಆಚೆ ಮೊತ್ತ 1679 ಬರುತ್ತೆ, ವ್ಯತ್ಯಾಸ 455 ಕೂಡ ಬರುತ್ತೆ. 455 ಇಟ್ಕೊಂಡು ಮಿಕ್ಕಿದ್ದನ್ನ ಫಿಲ್ಟರ್ ತಡೆದುಬಿಡುತ್ತೆ. ಈಗ ಧಾರವಾಡಕ್ಕೆ ತಿರುಗಿಸಿ, 765, ಒಳಗಿನದು 1220 ಆಗುತ್ತೆ, ಕಳೆದ್ರೆ ಮತ್ತೆ 455! ಈ ಲೆಕ್ಕ ಮಕ್ಕಳ ಕೈಲೇ ಮಾಡಿಸಿ. ಯಾವ ಸ್ಟೇಷನ್ ಹಿಡಿದ್ರೂ ಎಲ್ಲ 455ಕ್ಕೇ ಬಂದು ನಿಲ್ಲೋದ್ರಿಂದ ಮುಂದಿನ ಸರ್ಕ್ಯೂಟನ್ನ ಅದೊಂದಕ್ಕೇ ಚೆನ್ನಾಗಿ ಟ್ಯೂನ್ ಮಾಡಿಟ್ರೆ ಸಾಕು. ಮೊದಲನೇ ಮಹಾಯುದ್ಧದ ಹೊತ್ತಲ್ಲಿ, 1918ರಲ್ಲಿ, ಎಡ್ವಿನ್ ಆರ್ಮ್‌ಸ್ಟ್ರಾಂಗ್ ಇದನ್ನ ರೂಪಿಸಿದ್ರು. ನನಗಂತೂ ಇಡೀ ಎಲೆಕ್ಟ್ರಾನಿಕ್ಸಲ್ಲಿ ಇಷ್ಟು ಚೆಂದದ ಉಪಾಯ ಇನ್ನೊಂದಿಲ್ಲ ಅನ್ಸುತ್ತೆ.

ಒಳಗಿನ ಆ ಸಿಗ್ನಲ್ ನಿಜಕ್ಕೂ ಇದೆ ಅಂತ ತೋರಿಸೋಕೂ ಆಗುತ್ತೆ. ಒಂದು ರೇಡಿಯೋದಲ್ಲಿ 1000ಕ್ಕಿಂತ ಮೇಲಿರೋ ಯಾವುದಾದ್ರೂ ಸಣ್ಣಗೆ ಕೇಳೋ ಸ್ಟೇಷನ್ ಹಿಡಿದಿಟ್ಟು, ಪಕ್ಕದಲ್ಲೇ ಇನ್ನೊಂದನ್ನಿಟ್ಟು ಅದರ ಮುಳ್ಳನ್ನ ಆ ಸ್ಟೇಷನ್‌ಗಿಂತ 455 ಕಮ್ಮಿ ಇರೋ ಜಾಗದ ಆಸುಪಾಸಲ್ಲಿ ಮೆಲ್ಲಗೆ ತಿರುಗಿಸಿ, ಎರಡನೇದರ ಒಳಗಿನ ಸಿಗ್ನಲ್ ಆ ಸ್ಟೇಷನ್ ಹತ್ತಿರಕ್ಕೇ ಬರೋದ್ರಿಂದ ಮೊದಲನೇದ್ರಲ್ಲಿ ಕುಂಯ್ಯ್ ಅಂತ ಶಿಳ್ಳೆ ಜಾರ್ಕೊಂಡು ಬರುತ್ತೆ. ಎರಡೂ ಹಳೇ ಮುಳ್ಳಿನ ರೇಡಿಯೋನೇ ಆಗಿರ್ಲಿ, ಈಗಿನ ಚಿಪ್ ರೇಡಿಯೋಗಳಲ್ಲಿ ಈ 455 ಲೆಕ್ಕ ನಡೆಯಲ್ಲ.