ಅಯ್ಯನವರ ಕೈ ಕಾಣುವ ಜಾಗ

ಮದುವೆಗೆ ಸಂಗೀತ ಆರಿಸುವುದೆಂದರೆ ಹಾಡುಗಳ ಪಟ್ಟಿ ಮಾಡುವುದು ಎಂದು ಮದುವೆಗಳನ್ನು ವಹಿಸಿಕೊಂಡು ನಡೆಸುವ ನಮ್ಮ ಸಂಸ್ಥೆಯಲ್ಲಿ ಈಗಲೂ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ವಾದ್ಯದವರು ಎಲ್ಲಿ ಕೂರಬೇಕು ಎಂಬುದು ಮೊದಲು ತೀರ್ಮಾನವಾಗಬೇಕು, ಹಾಡಿನ ಮಾತು ಆಮೇಲೆ. ಗಂಗಾವತಿಯಲ್ಲಿ ನಾವು ವಹಿಸಿಕೊಂಡಿದ್ದ ಮದುವೆಯೊಂದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಹುಡುಗಿ ಕೊಪ್ಪಳದ ಕಡೆಯವಳು, ಹುಡುಗ ಬಳ್ಳಾರಿಯವನು. ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು, ಕೊಪ್ಪಳ ಮತ್ತು ರಾಯಚೂರು 1956ರವರೆಗೆ ಹೈದರಾಬಾದಿನ ಜೊತೆಗಿದ್ದವು. ಆ ಹಳೆಯ ಗಡಿ ನಮ್ಮ ಭಾಗದ ಮದುವೆ ಮಾತುಕತೆಗಳಲ್ಲಿ ಇನ್ನೂ ತಲೆ ಎತ್ತುತ್ತದೆ. ಬಳ್ಳಾರಿಯ ಬೀಗರು ನಾದಸ್ವರ, ಡೋಲು, ಸಂಜೆಗೆ ತೆಲುಗು ಹಾಡು ಬೇಕೆಂದರು. ಹುಡುಗಿಯ ಅಜ್ಜನಿಗೆ ಶಹನಾಯಿಯಂಥ ಸನಾದಿಯೇ ಬೇಕು, ಮೆರವಣಿಗೆಗೆ ಕರಡಿ ಎಂಬ ಚರ್ಮವಾದ್ಯದ ಮೇಳ, ಕರಡಿ ಮಜಲು, ಬರಲೇಬೇಕು. ಎರಡೂ ಮನೆಯ ಹಿರಿಯರು ಕುಳಿತು ಚೊಕ್ಕವಾಗಿ ಬಗೆಹರಿಸಿಕೊಂಡರು: ಮೆರವಣಿಗೆ ಮತ್ತು ಮುಹೂರ್ತ ಹುಡುಗಿಯ ಕಡೆಯವರ ಇಷ್ಟದಂತೆ, ಆರತಕ್ಷತೆಯ ಆರ್ಕೆಸ್ಟ್ರಾ ಹುಡುಗನ ಕಡೆಯವರ ಇಷ್ಟದಂತೆ. ಅವರಿಬ್ಬರಲ್ಲಿ ಯಾವ ತಕರಾರೂ ಇರಲಿಲ್ಲ. ಕೆಡಿಸಿದ್ದು ನಮ್ಮ ಲೇಔಟ್.

ವೇದಿಕೆಯ ಹಿಂದೆ ಎಲ್‌ಇಡಿ ವಾಲ್, ಮುಂದೆ ಉದ್ದ ತೋಳಿನ ಕ್ಯಾಮೆರಾ ಕ್ರೇನ್, ಜಿಮ್ಮಿ ಜಿಬ್. ಹೂವಿನ ಅಲಂಕಾರದ ಅಂದ ಕೆಡುತ್ತದೆಂದು ವಾದ್ಯದವರನ್ನು ಎಡಗಡೆಯ ಕಂಬದ ಹಿಂದೆ ಕೂರಿಸಿದ್ದರು. ಮುಹೂರ್ತ ನಡೆಸುವ ಅಯ್ಯನವರು ಕೈ ಎತ್ತಿದಾಗಲೇ ವಾದ್ಯದವರು ಗಟ್ಟಿಮೇಳ ನುಡಿಸಬೇಕು. ಸನಾದಿ ನುಡಿಸುವ ಹಿರಿಯರು ಬೆಳಿಗ್ಗೆ ಚಾಪೆ ಹಾಸುವಾಗಲೇ ನನ್ನನ್ನು ಕರೆದು, “ತಮ್ಮಾ, ಇಲ್ಲಿಂದ ಅಯ್ಯನವರ ಕೈ ಕಾಣುವುದಿಲ್ಲ” ಎಂದಿದ್ದರು. ನಾನು ಮ್ಯಾನೇಜರ್‌ಗೆ ಮುಟ್ಟಿಸಿದೆ. “ವಾಕಿಟಾಕಿ ಹಿಡಿದ ಹುಡುಗನೊಬ್ಬ ಅವರ ಪಕ್ಕದಲ್ಲೇ ಇರುತ್ತಾನೆ, ಸಿಗ್ನಲ್ ಕೊಡುತ್ತಾನೆ” ಎಂಬ ಉತ್ತರ ಬಂತು. ಕಾಗದದ ಮೇಲೆ ಅದು ಸರಿಯಾಗಿಯೇ ಇತ್ತು.

ಮಂಗಳಾಷ್ಟಕ ಶುರುವಾಯಿತು. ಜನರೆಲ್ಲ ಎದ್ದು ನಿಂತರು. ಪ್ರತಿ ಪದ್ಯದ ಕೊನೆಗೆ ‘ಸಾವಧಾನ’ ಎಂದಾಗ ಅಕ್ಕಿಕಾಳು ಹಾರುತ್ತಿತ್ತು. ನಾನು ಧ್ವನಿ ನಿಯಂತ್ರಿಸುವ ಕನ್ಸೋಲ್ ಬಳಿ ನಿಂತು ಕೊನೆಯ ಪದ್ಯಕ್ಕೆ ಸಿದ್ಧವಾಗಿರುವಂತೆ ವಾಕಿಟಾಕಿಯಲ್ಲಿ ಹೇಳಿದೆ. ಉತ್ತರವಿಲ್ಲ. ಮತ್ತೆ ಕರೆದೆ. ಇಲ್ಲ. ಕಂಬದ ಬಳಿ ಇರಬೇಕಾದ ಹುಡುಗನನ್ನು ವಿಡಿಯೊದವರು ಲೈಟ್ ಹಿಡಿಯಲು ಎಳೆದುಕೊಂಡು ಹೋಗಿದ್ದರು ಎಂಬುದು ಗೊತ್ತಾದದ್ದು ಆಮೇಲೆ. ನಾನು ಓಡಲು ನೋಡಿದೆ. ನಡುವಿನ ದಾರಿಯ ತುಂಬ ಕೈ ಎತ್ತಿ ನಿಂತ ಜನ, ತಲೆಯ ಮೇಲೆ ತೂಗುವ ಜಿಬ್. ಅರ್ಧ ದಾರಿಯಲ್ಲೇ ಸಿಕ್ಕಿಕೊಂಡೆ.

ಅಯ್ಯನವರು ಕೈ ಎತ್ತಿ “ಗಟ್ಟಿಮೇಳ” ಎಂದರು. ಕೀರಲು ಸದ್ದು ಬರುತ್ತಿದೆಯೆಂದು ಅವರ ಕಾಲರ್ ಮೈಕ್ ಅನ್ನು ಸ್ವಲ್ಪ ಮುಂಚೆಯೇ ಮ್ಯೂಟ್ ಮಾಡಿದ್ದರು, ಹಾಗಾಗಿ ಆ ಮಾತು ಕಂಬದವರೆಗೆ ಹೋಗಲೇ ಇಲ್ಲ. ಎತ್ತಿದ ಕೈ ಎತ್ತಿದಂತೆಯೇ ಇತ್ತು. ತಾಳಿ ಹುಡುಗನ ಕೈಯಲ್ಲಿತ್ತು. ಹುಡುಗಿಯ ಅಜ್ಜ ವಾದ್ಯದವರನ್ನು ಹುಡುಕುತ್ತ ತಿರುಗಿ ತಿರುಗಿ ನೋಡುತ್ತಿದ್ದರು. ಯಾರೋ “ವಾದ್ಯ, ವಾದ್ಯ” ಎಂದು ಕೂಗಿದರು. ಆ ಗಾಬರಿಯಲ್ಲಿ ಕನ್ಸೋಲ್‌ನವನು ರೆಕಾರ್ಡ್ ಮಾಡಿದ ನಾದಸ್ವರವನ್ನಾದರೂ ಹಾಕೋಣವೆಂದು ಲ್ಯಾಪ್‌ಟಾಪ್ ಮುಟ್ಟಿದ. ಹೊರಬಿದ್ದದ್ದು ಸಂಜೆ ಮದುಮಗ ವೇದಿಕೆಗೆ ಬರುವಾಗ ಹಾಕಬೇಕಿದ್ದ ತೆಲುಗು ಹಾಡು, ಪೂರ್ತಿ ಬಾಸ್ ಸಮೇತ. ಅದನ್ನು ಕೇಳಿ ಗಳಿಗೆ ಬಂತೆಂದು ಊಹಿಸಿದ ಹಿರಿಯರು ಸನಾದಿ ಎತ್ತಿದರು. ಎರಡೂ ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿರುವಾಗಲೇ ತಾಳಿ ಕಟ್ಟಿದ್ದಾಯಿತು. ಆ ಮನೆಯವರ ವಿಡಿಯೊದಲ್ಲಿ ಆ ಗಳಿಗೆ ಹಾಗೆಯೇ ಉಳಿದಿದೆ. ಎಡಿಟಿಂಗ್‌ನಲ್ಲಿ ಬೇರೆ ಸಂಗೀತ ಕೂರಿಸಿಕೊಡುತ್ತೇವೆ ಎಂದರೆ ಅಜ್ಜ ಬೇಡವೆಂದರು.

ಇಷ್ಟಾದ ಮೇಲೆ ನಮ್ಮವರು ಮಾಡಿದ್ದೇನು? ‘ವಾದ್ಯ ತಡವಾಯಿತು’ ಎಂದು ಬರೆದು ಸನಾದಿಯವರ ಹಣದಲ್ಲಿ ಕಡಿತ ಮಾಡಿದರು. ಅಲಂಕಾರದವರಿಗೆ ಪೂರ್ತಿ ಪಾವತಿ, ಎಲ್‌ಇಡಿಯವರಿಗೆ ಪೂರ್ತಿ ಪಾವತಿ. ಕೈ ಕಾಣುವುದಿಲ್ಲ ಎಂದು ಬೆಳಿಗ್ಗೆಯೇ ಎಚ್ಚರಿಸಿದ ಒಬ್ಬರೇ ಒಬ್ಬರಿಗೆ ದಂಡ. ನಾನು ಜಗಳವಾಡಿದೆ. ಮುಂದಿನ ಬಿಲ್ಲಿನಲ್ಲಿ ಆ ಹಣ ಸೇರಿ ಬಂತು, ಆದರೆ ಕ್ಷಮೆಯ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ. ಆ ಹಿರಿಯರು ಈಗ ನಮ್ಮ ಸಂಸ್ಥೆಯ ಮದುವೆಗಳಿಗೆ ಬರುವುದಿಲ್ಲ. ಅವರನ್ನು ನಾನು ದೂರುವುದಿಲ್ಲ.

ಮದುವೆ ಮಾಡುವ ಮನೆಯವರು ಸಂಗೀತ ಗೊತ್ತುಮಾಡುವ ಮುನ್ನ ವಾದ್ಯದವರನ್ನು ಕರೆದುಕೊಂಡು ಹೋಗಿ ಹಾಲ್ ತೋರಿಸಬೇಕು. ಮುಹೂರ್ತ ನಡೆಸುವವರ ಕೈ ಅವರಿಗೆ ನೇರವಾಗಿ ಕಾಣಬೇಕು, ನಡುವೆ ಯಾವ ಯಂತ್ರವೂ ಬೇಡ. ಮುಹೂರ್ತದ ಹೊತ್ತಿಗೆ ಲ್ಯಾಪ್‌ಟಾಪಿನ ವೈರ್ ಕಿತ್ತಿಡಬೇಕು. ಕರಡಿ ಬಯಲಿನ ವಾದ್ಯ. ಮೆರವಣಿಗೆಯಲ್ಲಿ ಅದರ ಗತ್ತೇ ಬೇರೆ. ತಗಡಿನ ಛಾವಣಿಯ ಹಾಲಿನೊಳಗೆ ಅದಕ್ಕೆ ಮೈಕ್ ಇಟ್ಟರೆ ಸನಾದಿಯೂ ಕೇಳಿಸುವುದಿಲ್ಲ, ಮಂತ್ರವೂ ಕೇಳಿಸುವುದಿಲ್ಲ.

ಆರ್ಕೆಸ್ಟ್ರಾದ ವಿಷಯದಲ್ಲಿ ನನ್ನ ತಕರಾರು ಸಮಯದ್ದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ನಮ್ಮಲ್ಲಿ ಬೇಸಿಗೆಯ ಆರತಕ್ಷತೆಗೆ ಜನ ಸೇರುವುದೇ ಬಿಸಿಲಿಳಿದು ಎಷ್ಟೋ ಹೊತ್ತಾದ ಮೇಲೆ. ನಿರೂಪಣೆ, ಸನ್ಮಾನ, ಫೋಟೊ ಮುಗಿದು ಹಾಡು ಕಳೆಗಟ್ಟುವಾಗ ಫ್ಯೂಸ್ ತೆಗೆಯುವ ಹೊತ್ತಾಗಿರುತ್ತದೆ. ಆದ್ದರಿಂದ ಮನೆಯವರು ಬಯಸಿ ಕೇಳಿದ ಹಾಡುಗಳನ್ನು ಮೊದಲೇ ಹಾಡಿಸಿಬಿಡಿ. ಹೆಣ್ಣುಮಕ್ಕಳು ಸೋಬಾನೆ ಹಾಡುವುದಿದ್ದರೆ ಆರ್ಕೆಸ್ಟ್ರಾಕ್ಕಿಂತ ಮುಂಚೆ ಮೈಕ್ ಕೊಡಿ. ‘ಆಮೇಲೆ’ ಎಂದು ಕೂರಿಸಿದ ಅಜ್ಜಿಯರು ಹಾಡದೆ ಊಟಕ್ಕೆ ಎದ್ದುಹೋಗುವುದನ್ನು ನೋಡಲು ನನಗೆ ಆಗುವುದಿಲ್ಲ.

ಹಾಡಿನ ಲೈಸೆನ್ಸ್ ಎಂದು ಯಾರಾದರೂ ಹಣ ಕೇಳಿಕೊಂಡು ಬಂದರೆ ಹೆದರಿ ಕೊಡಬೇಡಿ. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಂಭ್ರಮಗಳಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿನಾಯಿತಿ ಕೊಡುತ್ತದೆ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಪ್ರಕಟಣೆ ಹೊರಡಿಸಿ ಅದನ್ನೇ ಸ್ಪಷ್ಟಪಡಿಸಿದೆ.

ನಮ್ಮ ಬುಕಿಂಗ್ ಫಾರ್ಮಿನಲ್ಲಿ ‘ವಾದ್ಯ’ ಇಂದಿಗೂ ‘ಅಲಂಕಾರ’ದ ಕೆಳಗೇ ಇದೆ, ಹೂವಿನ ಕಮಾನು ಮತ್ತು ಕಾರಂಜಿಯ ನಡುವೆ. ಅದನ್ನು ‘ಮುಹೂರ್ತ’ದ ಕೆಳಗೆ ತನ್ನಿ, ಲೇಔಟ್‌ಗೆ ವಾದ್ಯದ ಮುಖ್ಯಸ್ಥರ ಸಹಿಯನ್ನೂ ಪಡೆಯಿರಿ ಎಂದು ಬರೆದುಕೊಟ್ಟಿದ್ದೇನೆ. ಉತ್ತರ ಬಂದಿಲ್ಲ. ಬರುವ ಸೀಸನ್ನಿನ ಮೊದಲ ಮೀಟಿಂಗಿನಲ್ಲಿ ಮತ್ತೆ ಕೇಳುತ್ತೇನೆ.