ಅಪ್ಪ ಫೋನ್ ಕೇಳಿದ ದಿನ

ನಾನೊಬ್ಬ ಹುಡುಗನನ್ನು ಪ್ರೀತಿಸುತ್ತಿರುವ ವಿಷಯ ಅಪ್ಪನಿಗೆ ಗೊತ್ತಾಗಿ ತುಂಬಾ ದಿನವಾಗಿತ್ತು. ಬೈದಿರಲಿಲ್ಲ, ಕೂಗಾಡಿರಲಿಲ್ಲ. "ನನಗ್ಯಾಕೋ ಸರಿ ಕಾಣ್ತಿಲ್ಲ" ಎಂದಿದ್ದರು, ಅಷ್ಟೇ. ಕೂಗಾಡುವವರಾದರೆ ತಿರುಗಿ ಮಾತಾಡಬಹುದು. ಪೇಪರ್ ಮಡಿಸಿಡುತ್ತಾ "ಸರಿ ಕಾಣ್ತಿಲ್ಲ" ಎನ್ನುವವರ ಹತ್ತಿರ ಏನಂತ ಜಗಳ ಆಡೋದು?

ಅವನು ಬೇರೆ ದೇಶದಲ್ಲಿದ್ದ. ನನಗೆ ರಾತ್ರಿಯಾದಾಗ ಅವನಿಗೆ ಮಧ್ಯಾಹ್ನ. ನಿಜ ಹೇಳಬೇಕೆಂದರೆ, ದೂರ ನಮಗೆ ಅಷ್ಟೇನೂ ಕಾಟ ಕೊಟ್ಟಿರಲಿಲ್ಲ. ವಿಡಿಯೋ ಕಾಲ್ ಹಾಕಿಟ್ಟು ಅವನು ಒಗೆದ ಬಟ್ಟೆ ಮಡಿಸುತ್ತಿದ್ದ, ನಾನು ಆಫೀಸಿನ ಮೇಲ್ ನೋಡುತ್ತಿದ್ದೆ. ಎಷ್ಟೋ ಸಲ ಮಾತೇ ಇರುತ್ತಿರಲಿಲ್ಲ. ಬೇಕೂ ಆಗಿರಲಿಲ್ಲ.

ಕಾಟ ಶುರುವಾಗಿದ್ದು ಅಪ್ಪನ ಆ ಮಾತಿನಿಂದ. ಒಂದೇ ಊರಲ್ಲಿದ್ದಿದ್ದರೆ ಅವನು ಬಂದು ಅಪ್ಪನ ಎದುರು ಕೂರಬಹುದಿತ್ತು, ಬೈಸಿಕೊಳ್ಳಬಹುದಿತ್ತು. ಈಗ ಅವರಿಬ್ಬರ ನಡುವೆ ಇದ್ದದ್ದು ನಾನೊಬ್ಬಳೇ. ಅಪ್ಪನ ಮಾತು ನನ್ನ ಬಾಯಿಂದ ಅವನಿಗೆ, ಅವನ ಉತ್ತರ ನನ್ನ ಬಾಯಿಂದ ಅಪ್ಪನಿಗೆ. ಪೋಸ್ಟ್‌ಮ್ಯಾನ್ ಕೆಲಸ. ಆದರೆ ಕಾಗದದೊಳಗೆ ಬರೆದಿದ್ದಕ್ಕೆ ಪೋಸ್ಟ್‌ಮ್ಯಾನನ್ನು ಯಾರೂ ಬೈಯಲ್ಲ, ನನ್ನನ್ನು ಇಬ್ಬರೂ ಬೈಯುತ್ತಿದ್ದರು.

ಅಪ್ಪ "ಫೋನಲ್ಲಿ ಎಲ್ಲರೂ ಒಳ್ಳೆಯವರೇ" ಎಂದರೆ, ನಾನು ಅವನಿಗೆ "ಅಪ್ಪನಿಗೆ ಸ್ವಲ್ಪ ಟೈಮ್ ಬೇಕಂತೆ" ಎನ್ನುತ್ತಿದ್ದೆ. ಅವನು ಕೇಳುತ್ತಿದ್ದ: "ನೀನು ಸರಿಯಾಗಿ ಹೇಳಿದ್ದೀಯಾ ತಾನೇ?" ಅಪ್ಪನ 'ಬೇಡ'ಕ್ಕಿಂತ ಈ ಪ್ರಶ್ನೆ ನನ್ನನ್ನು ಜಾಸ್ತಿ ಚುಚ್ಚುತ್ತಿತ್ತು. ಬರಬರುತ್ತಾ ನಾವು ಮಾತಾಡುತ್ತಿದ್ದದ್ದೆಲ್ಲ ಅಪ್ಪನ ಬಗ್ಗೆಯೇ. ಅವನ ದಿನ ಹೇಗಿತ್ತು ಅಂತ ನಾನು ಕೇಳುವುದನ್ನೇ ಬಿಟ್ಟಿದ್ದೆ.

ಆ ಹೊತ್ತಿನಲ್ಲೇ ಗೆಳತಿಯೊಬ್ಬಳು ಸಮಾಧಾನಕ್ಕೆಂದು ಒಂದು ಲೇಖನ ಕಳಿಸಿದಳು. ಮನೆಯವರು ಅಡ್ಡ ಬಂದಷ್ಟೂ ಪ್ರೀತಿ ಗಟ್ಟಿಯಾಗುತ್ತದೆ ಎಂದು 1972ರಲ್ಲಿ ಅಮೆರಿಕದ ಸಂಶೋಧಕರು ಬರೆದಿದ್ದರಂತೆ. 140 ಜೋಡಿಗಳನ್ನು ಮಾತಾಡಿಸಿ ಕಂಡುಕೊಂಡದ್ದು. ಅದಕ್ಕೆ 'ರೋಮಿಯೋ ಜೂಲಿಯಟ್ ಪರಿಣಾಮ' ಅಂತ ಹೆಸರು ಬೇರೆ. ಓದಿ ನಗು ಬಂತು. ನಮ್ಮ ವಿಷಯದಲ್ಲಿ ಗಟ್ಟಿಯಾಗಿದ್ದು ದನಿ ಮಾತ್ರ. ಆಮೇಲೆ ಹುಡುಕಿದರೆ, 2014ರಲ್ಲಿ ಬೇರೆ ಸಂಶೋಧಕರು ಅದನ್ನೇ ಮತ್ತೆ ಪರೀಕ್ಷಿಸಿದ್ದರು. ಅಂಥ ಪರಿಣಾಮ ಕಾಣಲಿಲ್ಲ, ಸುತ್ತಲಿನವರು ಒಪ್ಪಿದರೇ ಪ್ರೀತಿ ಹೆಚ್ಚುತ್ತದೆ ಎಂದಿದ್ದರು. ಇದನ್ನು ಗೆಳತಿಗೆ ಕಳಿಸಲಿಲ್ಲ. ಪಾಪ, ಒಳ್ಳೆಯದಕ್ಕೇ ಕಳಿಸಿದ್ದಳಲ್ವಾ.

ಹುಡುಕುವಾಗ ಇನ್ನೊಂದೂ ಸಿಕ್ಕಿತು. ದೂರವಿದ್ದು ಪ್ರೀತಿಸಿ, ನಂತರ ಒಂದೇ ಊರಿಗೆ ಬಂದ ಜೋಡಿಗಳ ಬಗ್ಗೆ 2006ರ ಅಧ್ಯಯನ. ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಒಟ್ಟಿಗೆ ಬಂದ ಮೂರು ತಿಂಗಳೊಳಗೇ ಬೇರೆಯಾಗಿದ್ದರು. ದೂರದಲ್ಲಿರುವಾಗ ಕಾಣದ ಸ್ವಭಾವಗಳೆಲ್ಲ ಹತ್ತಿರ ಬಂದಾಗ ಕಾಣುತ್ತವೆ. "ಫೋನಲ್ಲಿ ಎಲ್ಲರೂ ಒಳ್ಳೆಯವರೇ" ಎಂದ ಅಪ್ಪ ಇದನ್ನು ಓದಿರಲಿಲ್ಲ. ಸುಮ್ನೆ ಹೇಳಿದ್ದು. ಆದರೂ ಆ ರಾತ್ರಿ ನನಗೆ ಅಪ್ಪನ ಮೇಲೆ ಕೋಪ ಜಾಸ್ತಿಯೇ ಆಯಿತು.

ಮರುವಾರದ ಭಾನುವಾರ. ಅವನ ಹತ್ತಿರ ಮಾತಾಡುತ್ತಾ ನಾನು "ಅಪ್ಪ ಏನು ಹೇಳಿದ್ರು ಅಂದ್ರೆ..." ಎಂದು ಶುರು ಮಾಡಿದ್ದೆ. ಬಾಗಿಲ ಹತ್ತಿರ ಅಪ್ಪ. "ನಾನು ಹೇಳಿದ್ದನ್ನ ನೀನ್ಯಾಕೆ ಹೇಳ್ತೀಯಾ? ಕೊಡಿಲ್ಲಿ" ಎಂದು ಕೈ ಚಾಚಿದರು. ಕೊಟ್ಟೆ. ಇಯರ್‌ಫೋನ್ ಸಿಕ್ಕಿಸಿತ್ತು, ಅಪ್ಪ ಒಂದನ್ನು ಮಾತ್ರ ಕಿವಿಗೆ ಹಾಕಿಕೊಂಡರು. ಇನ್ನೊಂದು ಎದೆಯ ಮೇಲೆ ತೂಗಾಡುತ್ತಿತ್ತು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಎಷ್ಟು ಮೇಲೆತ್ತಿದ್ದರೆಂದರೆ, ಅವನಿಗೆ ಕಂಡಿದ್ದು ಅಪ್ಪನ ಹಣೆ ಮತ್ತು ಕನ್ನಡಕ ಮಾತ್ರ. ನನಗೆ ಕೇಳಿಸಿದ್ದು ಅರ್ಧ ಮಾತು.

"ಹಾಂ, ಹೇಳಿ."

"ಅದು ಗೊತ್ತು. ಇವಳು ಹೇಳಿದ್ದಾಳೆ."

ಆಮೇಲೆ ಅಪ್ಪ ತುಂಬಾ ಹೊತ್ತು ಸುಮ್ಮನೆ ಕೇಳಿಸಿಕೊಂಡರು.

"ಅಲ್ಲಪ್ಪ, ನಾನು ಕೇಳ್ತಿರೋದು ಅದಲ್ಲ. ನೀವು ವಾಪಸ್ ಬರ್ತೀರಾ, ಇಲ್ಲ ಇವಳು ಕೆಲಸ ಬಿಟ್ಟು ಅಲ್ಲಿಗೆ ಬರಬೇಕಾ?"

"ಇನ್ನೂ ಗೊತ್ತಿಲ್ಲ ಅಂದ್ರೆ?"

ನಾನು ಹಾಸಿಗೆಯ ಅಂಚಿನಲ್ಲಿ ಕೂತಿದ್ದೆ. ಈ ಪ್ರಶ್ನೆಯನ್ನು ನಾವಿಬ್ಬರೂ ಒಬ್ಬರಿಗೊಬ್ಬರು ಕೇಳಿರಲೇ ಇಲ್ಲ. ಅಪ್ಪ ಒಪ್ಪಲಿ, ಆಮೇಲೆ ನೋಡೋಣ ಎಂದುಕೊಂಡಿದ್ದೆವು. ಅಪ್ಪ ಒಪ್ಪದೇ ಇದ್ದದ್ದು ಒಂದು ರೀತಿ ನಮಗೆ ಅನುಕೂಲವೇ ಆಗಿತ್ತು.

ಫೋನ್ ವಾಪಸ್ ಕೊಟ್ಟು ಅಪ್ಪ ಎದ್ದರು. "ಹುಡುಗ ಜಾಸ್ತಿ ಮಾತಾಡ್ತಾನೆ" ಎಂದರು. ಇಯರ್‌ಫೋನ್ ಕಿವಿಗಿಟ್ಟರೆ ಅವನು, "ನಿಮ್ಮಪ್ಪ ನನಗೆ ಮಾತಾಡೋಕೇ ಬಿಡಲಿಲ್ಲ" ಅಂದ. ಅದೇ ಕಾಲ್, ಅದೇ ಹೊತ್ತು. ಇಷ್ಟು ದಿನ ಇಂಥ ಎರಡು ಮಾತನ್ನು ಒಂದು ಮಾಡಲು ಒದ್ದಾಡಿದವಳು ನಾನು. ಆವತ್ತು "ಹೌದಾ" ಎಂದು ಬಿಟ್ಟುಬಿಟ್ಟೆ. ಅವರವರ ಪಾಡು.

ಆ ರಾತ್ರಿ ನಮಗಿಬ್ಬರಿಗೂ ಜೋರು ಜಗಳವಾಯಿತು. ಅವನಿಗೆ ಅಲ್ಲೇ ಇನ್ನೂ ಕೆಲವು ವರ್ಷ ಇರಬೇಕು. ನನಗೆ ಕೆಲಸ ಬಿಡಲು ಮನಸ್ಸಿಲ್ಲ, ಅಲ್ಲಿ ಹೋಗಿ ಮೊದಲಿನಿಂದ ಶುರು ಮಾಡಲೂ ಮನಸ್ಸಿಲ್ಲ. ಅವನು "ಹಾಗಾದ್ರೆ ಮೊದಲೇ ಹೇಳಬೇಕಿತ್ತು" ಅಂದ. "ನೀನು ಕೇಳಿದ್ಯಾ?" ಎಂದೆ. ಒಂದು ಸಲವೂ ಅಪ್ಪನ ಹೆಸರು ಬರಲಿಲ್ಲ. ಕಾಲ್ ಕಟ್ ಮಾಡುವ ಮೊದಲು, ಆಫೀಸಿನಲ್ಲಿ ಏನಾಯ್ತು ಅಂತ ಅವನು ಅರ್ಧ ಗಂಟೆ ಹೇಳಿದ.

ಅಪ್ಪ ಈಗಲೂ ಒಪ್ಪಿಲ್ಲ. ವಾಪಸ್ ಬರೋದಾ, ಹೋಗೋದಾ ಅನ್ನುವುದೂ ತೀರ್ಮಾನವಾಗಿಲ್ಲ. ಆದರೆ ಅವನ ಬಗ್ಗೆ ಏನಾದರೂ ಗೊತ್ತಾಗಬೇಕಿದ್ದರೆ ಅಪ್ಪ ನನ್ನನ್ನು ಕೇಳುವುದಿಲ್ಲ, "ಫೋನ್ ಹಚ್ಚಿಕೊಡು" ಎನ್ನುತ್ತಾರೆ. ಹಚ್ಚಿಕೊಟ್ಟು ನಾನು ಪಕ್ಕದ ರೂಮಿಗೆ ಹೋಗುತ್ತೇನೆ.