ಎಚ್‌ಪಿ ಬಿಡಿ, ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ರಿ?

ನನ್ನದು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5. ಎರಡೇ ಸೀಟು, 1.6 ಲೀಟರ್ ಎಂಜಿನ್, ತೂಕ ಸಾವಿರ ಕಿಲೋಗಿಂತ ಕಡಿಮೆ. ಕಾರಿನ ಹುಚ್ಚಿರುವವರು ಯಾರೇ ಸಿಗಲಿ, ಮೊದಲ ಪ್ರಶ್ನೆ 'ಎಷ್ಟು ಎಚ್‌ಪಿ?' ಅಂದರೆ ಎಂಜಿನ್ನಿನ ಶಕ್ತಿ ಎಷ್ಟು ಹಾರ್ಸ್‌ಪವರ್ ಅಂತ. ಹೇಳಿದ ಮೇಲೆ ಅವರ ಮುಖ ನೋಡಬೇಕು. ತಕ್ಷಣ ಮುಂದಿನ ಮಾತು: 'ಒಂದು ಟರ್ಬೊ ಹಾಕಿಸಿಬಿಡಿ ಗುರೂ.' (ಟರ್ಬೊ ಅಂದರೆ ಎಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಪಂಪು.) ಹಾಕಿಸಲ್ಲ. ಒಬ್ಬೊಬ್ಬರಿಗೂ ಕಾರಣ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಇಟ್ಟುಬಿಡುತ್ತಿದ್ದೇನೆ.

ಮಾಡಿಫೈ ಮಾಡಿಸಲೇಬಾರದು ಅನ್ನೋ ಪೈಕಿ ನಾನಲ್ಲ. ಆದರೆ ನನ್ನ ದುಡ್ಡು ನೆಲದಿಂದ ಮೇಲಕ್ಕೆ ಹೋಗುತ್ತದೆ. ಮೊದಲು ಟೈರು, ಆಮೇಲೆ ಬ್ರೇಕು, ಆಮೇಲೆ ಸಸ್ಪೆನ್ಷನ್. ಎಂಜಿನ್ ಸರದಿ ಕೊನೆಗೆ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಕಾರನ್ನು ನಿಲ್ಲಿಸುವುದಕ್ಕಿಂತ 140ರಲ್ಲಿರುವ ಅದೇ ಕಾರನ್ನು ನಿಲ್ಲಿಸುವಾಗ ಬ್ರೇಕು ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ನುಂಗಬೇಕು. ವೇಗ ಏರಿದ್ದು ಬರೀ 40, ಹೊರೆ ಮಾತ್ರ ಡಬಲ್. ಆ ಶಕ್ತಿಯೆಲ್ಲ ಶಾಖವಾಗಿ ಡಿಸ್ಕಿಗೆ, ಪ್ಯಾಡಿಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಇಳಿಯುತ್ತದೆ.

ಈ ಬ್ರೇಕ್ ಆಯಿಲ್ ಸುಮ್ನೆ ಕೂತಿದ್ದರೂ ಗಾಳಿಯ ತೇವ ಹೀರುತ್ತಿರುತ್ತದೆ. ಡಾಟ್ 4 ಮಾನದಂಡದ ಪ್ರಕಾರ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು. ತೇವ ಸೇರಿದ ಆಯಿಲ್‌ಗೆ ಆ ಮಿತಿ 155 ಡಿಗ್ರಿ. ಉದ್ದನೆಯ ಇಳಿಜಾರಿನಲ್ಲಿ ಜೋರಾಗಿ ಇಳಿಯುವಾಗ ಆಯಿಲ್ ಕುದಿಯಿತು ಅಂತಿಟ್ಟುಕೊಳ್ಳಿ, ಒಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗಲ್ಲ, ಗುಳ್ಳೆ ಕುಗ್ಗುತ್ತದೆ. ಪೆಡಲ್ ಮೆತ್ತಗೆ ನೆಲದವರೆಗೆ ಹೋಗುತ್ತದೆ, ಕಾರು ಮಾತ್ರ ಹೋಗ್ತಾನೇ ಇರುತ್ತದೆ. 400 ಎಚ್‌ಪಿ ಕಾರಿನ ಮಾಲೀಕರನ್ನು 'ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ರಿ?' ಅಂತ ಕೇಳಿ ನೋಡಿ. ಎಷ್ಟೋ ಜನ ಆಕಾಶ ನೋಡ್ತಾರೆ.

ಉಳಿದ ಕೆಲವು ಬೇಗ ಹೇಳಿಬಿಡುತ್ತೇನೆ. ತೆರೆದ ಏರ್ ಫಿಲ್ಟರ್ ಹಾಕಿಸಿದರೆ ಸದ್ದು ಚೆನ್ನಾಗಿರುತ್ತದೆ. ಆದರೆ ಬಾನೆಟ್ ಒಳಗಿನ ಬಿಸಿಗಾಳಿಯನ್ನೇ ಎಂಜಿನ್ನಿಗೆ ಕುಡಿಸಿದ ಹಾಗಾಗುತ್ತದೆ. ಟರ್ಬೊ ಕಾರಿಗೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದರೆ ನಿಜವಾಗಿ ಗೊತ್ತಾಗುತ್ತದೆ, ಟರ್ಬೊ ಇಲ್ಲದ ಎಂಜಿನ್ನಿಗೆ ಮಾಡಿಸಿದರೆ ಸಿಗುವುದು ಚೂರುಪಾರು. ಬರೀ ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವುದನ್ನು ನಾನು ಮಾಡಿಫಿಕೇಶನ್ ಅಂತಲೇ ಕರೆಯಲ್ಲ. ಇನ್ನು ಮಧ್ಯರಾತ್ರಿ ಪಟಾಕಿ ಹೊಡೆಯುವ ಸೈಲೆನ್ಸರ್ ಬಗ್ಗೆ ಅಕ್ಕಪಕ್ಕದ ಮನೆಯವರನ್ನೇ ಕೇಳಿ.

ಆಮದು ಮಾಡಿದ ಕಾರಿನ ಕಥೆಯೇ ಬೇರೆ. ನನ್ನ ಗೆಳೆಯನಿಗೆ ಚಿಕ್ಕಂದಿನಿಂದ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಹುಚ್ಚು, ಅದರಲ್ಲೂ 1989ರಲ್ಲಿ ಬಂದ ಆರ್32. ಅವನ ಹುಚ್ಚಿಗೆ ಕಾರಣ ಇದೆ. ಜಪಾನಿನ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್‌ನಲ್ಲಿ 1990ರಿಂದ 1993ರವರೆಗೆ ಇಳಿದ ಎಲ್ಲ 29 ರೇಸುಗಳನ್ನೂ ಆ ಕಾರೇ ಗೆದ್ದಿತ್ತು. ಕಾಗದದ ಮೇಲೆ ಅದರ ಶಕ್ತಿ 280 ಪಿಎಸ್ (ಹೆಚ್ಚುಕಡಿಮೆ ಎಚ್‌ಪಿಯಷ್ಟೇ ಇರುವ ಅಳತೆ). ಆಗ ಜಪಾನಿನ ಕಂಪನಿಗಳೆಲ್ಲ ಅದಕ್ಕಿಂತ ಜಾಸ್ತಿ ತೋರಿಸಬಾರದು ಅಂತ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದವು. 2004ರವರೆಗೂ ಅದು ನಡೆಯಿತು. 'ಕಂಪನಿಯವರೇ ಕಟ್ಟಿಹಾಕಿದ್ದಾರೆ, ಬಿಚ್ಚಿದರೆ ಸಾಕು' ಅಂತ ಎಲ್ಲರೂ ಬೂಸ್ಟ್, ಅಂದರೆ ಟರ್ಬೊ ತುರುಕುವ ಗಾಳಿಯ ಒತ್ತಡ, ಏರಿಸಲು ಹೊರಡುವುದು ಇದೇ ಕಾರಣಕ್ಕೆ.

ಅಲ್ಲೇ ಇರುವುದು ಪೆಟ್ಟು. ಆ ಎಂಜಿನ್ನಿನ ಎರಡೂ ಟರ್ಬೊಗಳಲ್ಲಿ ಹೊಗೆ ತಿರುಗಿಸುವ ಚಕ್ರ ಸೆರಾಮಿಕ್‌ನದು. ಹಗುರ ಇದ್ದರೆ ಬೇಗ ತಿರುಗುತ್ತದೆ ಅಂತ ಹಾಗೆ ಮಾಡಿದ್ದು. ಕಂಪನಿ ಇಟ್ಟ ಬೂಸ್ಟ್‌ನಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಬೂಸ್ಟ್ ಒಂದು ಬಾರ್ ದಾಟಿಸಿ ಓಡಿಸತೊಡಗಿದರೆ ಶಾಫ್ಟಿನಿಂದ ಕಿತ್ತುಕೊಂಡು ಬರುವ ಅಪಾಯ ಇದೆ. ನೋಡಲು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಪ್ಪು ಚಕ್ರ. ಅದು ಮುರಿದರೆ ಟರ್ಬೊ ಹೋಯಿತು, ಚೂರು ಎಂಜಿನ್ ಒಳಗೆ ಸೇರಿದರೆ ಎಂಜಿನ್ನೂ ಹೋಯಿತು. 'ಮೊದಲು ಸ್ಟೀಲ್ ಚಕ್ರದ ಟರ್ಬೊ ಹಾಕಿಸೋ, ಆಮೇಲೆ ಬೂಸ್ಟ್ ಮುಟ್ಟು' ಅಂತ ಗೆಳೆಯನಿಗೆ ಹೇಳಿದ್ದು ಅದಕ್ಕೇ. ಬೈದುಕೊಂಡೇ ಹಾಕಿಸಿದ.

ಕಾರು ಕೊಳ್ಳುವಾಗಲೂ ಅವನ ಕಣ್ಣು ಪೇಂಟಿನ ಮೇಲೆ, ನನ್ನ ಕಣ್ಣು ಹರಾಜಿನ ಚೀಟಿ ಮೇಲೆ. ಜಪಾನಿನ ಹರಾಜಿನಲ್ಲಿ ಪ್ರತಿ ಕಾರಿಗೂ ಒಂದು ಹಾಳೆ ಇರುತ್ತದೆ, ಅದರಲ್ಲಿ ಕಾರಿನ ಪುಟ್ಟ ಚಿತ್ರ. ಗೀರಿದ್ದ ಕಡೆ 'ಎ', ತಗ್ಗಿದ್ದ ಕಡೆ 'ಯು', ಹಿಂದೆ ರಿಪೇರಿ ಮಾಡಿದ ಕಡೆ 'ಡಬ್ಲ್ಯು', ತುಕ್ಕಿಗೆ 'ಎಸ್'. ಪಕ್ಕದ ಅಂಕಿ ದೊಡ್ಡದಾದಷ್ಟೂ ಗಾಯ ದೊಡ್ಡದು. ಗ್ರೇಡಿನ ಜಾಗದಲ್ಲಿ ಅಂಕಿಯ ಬದಲು 'ಆರ್' ಅಂತಿದ್ದರೆ ಅಪಘಾತವಾಗಿ ರಿಪೇರಿಯಾದ ಕಾರು. ಎ1 ಗೀರಿಗೆಲ್ಲ ನಾನು ತಲೆ ಕೆಡಿಸಿಕೊಳ್ಳಲ್ಲ, ಎಸ್ ಕಂಡರೆ ಕಾರಿನ ಅಡಿಭಾಗದ ಫೋಟೋ ತರಿಸದೆ ಬಿಡಲ್ಲ. ಜೊತೆಗೆ ಚಾಸಿ ನಂಬರ್. ನಿಜವಾದ ಆರ್32 ಜಿಟಿ-ಆರ್ ಆದರೆ ಅದು ಬಿಎನ್‌ಆರ್32 ಅಂತ ಶುರುವಾಗಬೇಕು. ಎಚ್‌ಸಿಆರ್32 ಅಂತಿದ್ದರೆ ಅದು ಸ್ಕೈಲೈನ್‌ನ ಕೆಳಗಿನ ಮಾದರಿ, ಸಾಮಾನ್ಯವಾಗಿ ಜಿಟಿಎಸ್-ಟಿ, ಮೈಮೇಲೆ ಎಷ್ಟೇ ಜಿಟಿ-ಆರ್ ಬ್ಯಾಡ್ಜ್ ಅಂಟಿಸಿದ್ದರೂ ಅಷ್ಟೇ.

ಅಮೆರಿಕಕ್ಕೆ ಇಂಥ ಕಾರು ಆಮದು ಮಾಡಬೇಕಾದರೆ ಅದು ತಯಾರಾಗಿ 25 ವರ್ಷ ತುಂಬಬೇಕು, ಕೆನಡಾಕ್ಕೆ 15 ಸಾಕು. ವರ್ಷ ತುಂಬುತ್ತಿದ್ದ ಹಾಗೇ ಬೆಲೆಯೂ ಏರುತ್ತದೆ, ಅಲ್ವಾ? ಕೊಂಡವರು ಬಟ್ಟೆ ಹೊದಿಸಿ ಗ್ಯಾರೇಜಿನಲ್ಲಿ ಇಟ್ಟುಬಿಡುತ್ತಾರೆ. ನನಗಿದು ಒಂಚೂರೂ ಇಷ್ಟ ಇಲ್ಲ. ನಿಂತ ಕಾರಿನ ರಬ್ಬರ್ ಸೀಲು ಒಣಗುತ್ತದೆ, ಡಿಸ್ಕು ತುಕ್ಕು ಹಿಡಿಯುತ್ತದೆ. ಟೈರಿನ ಮೇಲಿನ ಗೆರೆ ಹೊಸದರ ಹಾಗೇ ಇರುತ್ತದೆ, ರಬ್ಬರು ಕಲ್ಲಾಗಿರುತ್ತದೆ. 'ಕಡಿಮೆ ಓಡಿದ ಕಾರು' ಅಂತ ಯಾರಾದರೂ ಹೊಗಳಿದರೆ ನಾನು ಬಗ್ಗಿ ಟೈರಿನ ಪಕ್ಕದ ನಾಲ್ಕು ಅಂಕಿ ಓದುತ್ತೇನೆ. 2311 ಅಂದರೆ 2011ರ 23ನೇ ವಾರದ ಟೈರು. ಅದರ ಮೇಲೆ 280 ಪಿಎಸ್ ಬಿಡುವ ಧೈರ್ಯ ನನಗಂತೂ ಇಲ್ಲ.

ಇನ್ನೊಂದು, ಏನೇ ಬದಲಾಯಿಸಿದರೂ ಬಿಚ್ಚಿದ ಕಂಪನಿ ಭಾಗಗಳನ್ನು ಎಸೆಯಬೇಡಿ. ಹಳೇ ಜಪಾನಿ ಕಾರು ಕೊಳ್ಳುವವರು ಈಗ ಅವನ್ನೇ ಮೊದಲು ಕೇಳುವುದು. ನನ್ನ ಮಾಜ್ದಾದ ಸ್ಪ್ರಿಂಗು, ಸೈಲೆನ್ಸರು ಎಲ್ಲ ಮನೆಯ ಮೆಟ್ಟಿಲ ಕೆಳಗೆ ಡಬ್ಬದಲ್ಲಿವೆ. ಅದನ್ನು ಯಾವಾಗ ಖಾಲಿ ಮಾಡ್ತೀರಿ ಅಂತ ಮನೆಯವರು ಕೇಳುತ್ತಲೇ ಇದ್ದಾರೆ.